ಎರಡಿಂಚು ಕಳೆದ ಮೇಲೆ ಉಳಿದ ಹುಡುಗ

ಹದಿನೇಳರ ಹುಡುಗರಿಗೆ ನಕ್ಷತ್ರ ಹಂಚುವ ಕಚೇರಿಯ ಮಾನ್ಯ ಮುಖ್ಯ ಮೌಲ್ಯಮಾಪಕರೇ,

ನಮ್ಮ ಕೋರ್ಡೆಲ್ ಪಿಟ್‌ಮನ್ ಎಂಬ ಹುಡುಗನ ಎತ್ತರದಿಂದ ತಾವು ಎರಡು ಇಂಚು ಕಡಿದುಕೊಂಡಿರಿ. ಆಮೇಲೆ ಅವನ ಹೆಸರನ್ನೂ ಕಡಿದಿರಿ. ಕಡಿದದ್ದನ್ನು ವಾಪಸು ಕೊಡಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಮೂರು ಪತ್ರ ಬರೆದೆ. ಮೂರಕ್ಕೂ ತಮ್ಮ ಕಚೇರಿಯಿಂದ ಒಂದೇ ಉತ್ತರ: "ನಿಮ್ಮ ಆಸಕ್ತಿಗೆ ಧನ್ಯವಾದ." ಹಾಗಾಗಿ ನಾಲ್ಕನೆಯದನ್ನು ನಮ್ಮ ಹ್ಯಾರಲ್ ಕ್ರೀಕ್ ಕೌಂಟಿಯ ವಾರಪತ್ರಿಕೆಯಲ್ಲಿ, ಹಳೆ ಟ್ರ್ಯಾಕ್ಟರುಗಳ ಜಾಹೀರಾತಿನ ಪಕ್ಕದಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಆ ಪುಟ ಓದುವವರು ತಮಗಿಂತ ವಿವೇಕಿಗಳು. ಒಮ್ಮೆ ಓಡಿಸಿ ನೋಡದೆ ಗಾಡಿಗೆ ಬೆಲೆ ಕಟ್ಟುವುದಿಲ್ಲ.

ನಾನು ಯಾರೆಂದರೆ, ಮಧ್ಯಾಹ್ನ ಮೂರರವರೆಗೆ ಶಾಲೆಯಲ್ಲಿ ಸಾಹಿತ್ಯ ಪಾಠ ಮಾಡುವ, ಮೂರರ ನಂತರ, ಚೆಂಡನ್ನು ಕೈಯಲ್ಲಿ ಎಸೆದು ಆಡುವ ನಮ್ಮ ಅಮೆರಿಕದ ಫುಟ್ಬಾಲ್ ತಂಡದ ಮುಂಸಾಲಿಗೆ ತಾಲೀಮು ಕೊಡುವ ಮನುಷ್ಯ. ಬೆಳಿಗ್ಗೆ ಸಾಲುಗಳ ಅರ್ಥ ಹೇಳುತ್ತೇನೆ, ಸಂಜೆ ಸಾಲನ್ನೇ ನಿಲ್ಲಿಸುತ್ತೇನೆ. ಎರಡರಲ್ಲೂ ಹುಡುಗರು ಬಗ್ಗಿ ಕೂತು ನನ್ನ ಮಾತು ಮುಗಿಯುವುದನ್ನೇ ಕಾಯುತ್ತಾರೆ. ಮುಂಸಾಲಿನ ಹುಡುಗನ ಹಣೆಬರಹ ತಮಗೆ ಗೊತ್ತಿರಲೇಬೇಕು. ಅವನು ಚೆಂಡನ್ನು ಮುಟ್ಟುವಂತಿಲ್ಲ, ಅಂಕ ಗಳಿಸುವಂತಿಲ್ಲ. ತನ್ನ ಬೆನ್ನ ಹಿಂದೆ ನಿಂತು ಚೆಂಡೆಸೆಯುವ ಸುಂದರಾಂಗನ ಮೇಲೆ ಯಾರೂ ಬೀಳದಂತೆ ಎದುರಿನವರನ್ನು ಎದೆಯಲ್ಲಿ ತಡೆಯಬೇಕು. ತಡೆದರೆ ಸುಂದರಾಂಗನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ತಡೆಯದಿದ್ದರೆ ಮಾತ್ರ ಧ್ವನಿವರ್ಧಕದಲ್ಲಿ ಇವನ ಹೆಸರು ಕೇಳುತ್ತದೆ. ಹೆಸರು ಕೇಳದಿರುವುದೇ ಕೀರ್ತಿಯಾಗಿರುವ ಇನ್ನೊಂದು ಉದ್ಯೋಗ ನನಗೆ ಗೊತ್ತಿಲ್ಲ. ಕಳ್ಳತನವೊಂದನ್ನು ಬಿಟ್ಟು.

ಇಂಥ ಹುಡುಗರನ್ನು ತಾವು ಅಳೆದೂ ಸುರಿದೂ ನಕ್ಷತ್ರ ಕೊಡುತ್ತೀರಿ. ಲೋಕದಲ್ಲಿ ಮುಖ ನೋಡಿ ಮಣೆ ಹಾಕುವವರಿದ್ದಾರೆ. ತಾವು ಮುಖವನ್ನೇ ನೋಡದೆ ಮಣೆ ಹಾಕುವವರು. ತೋಳು ಎಷ್ಟುದ್ದ, ಅಂಗೈ ಎಷ್ಟಗಲ, ಕಣಕಾಲು ಎಷ್ಟು ಮಡಚುತ್ತದೆ, ಹಿಂಭಾಗ ಎಷ್ಟು ದಪ್ಪ? ದನದ ಸಂತೆಯಲ್ಲಾದರೆ ಹಲ್ಲನ್ನೂ ನೋಡುತ್ತಾರೆ. ತಮ್ಮ ಶಾಸ್ತ್ರ ಅಷ್ಟು ಮುಂದುವರಿದಿಲ್ಲ. ಅದರಲ್ಲಿ 'ದುಷ್ಟತನ' ಎಂಬ ಕಲಂ ಕೂಡ ಇದೆ. ಬಿದ್ದವನ ಮೇಲೆ ಇನ್ನೊಮ್ಮೆ ಬೀಳುವ ಹುಡುಗನಿಗೆ ಅಲ್ಲಿ ಹತ್ತಕ್ಕೆ ಒಂಬತ್ತು. ಈ ಪತ್ರ ಓದಿ ಮುಗಿಸಿದ ಮೇಲೆ ನನಗೂ ಆ ಕಲಮಿನಲ್ಲಿ ಅಂಕ ಕೊಡಬೇಕೆಂದು ವಿನಂತಿ.

ಈಗ ಇಂಚಿನ ವಿಷಯ. ಈ ಜಾರ್ಜಿಯಾದಲ್ಲಿ ಯಾವ ಶಾಲೆಯ ತಂಡದ ಪಟ್ಟಿಯನ್ನಾದರೂ ತೆಗೆದು ನೋಡಿ, ಪ್ರತಿ ಹುಡುಗನೂ ಇರುವುದಕ್ಕಿಂತ ಎರಡಿಂಚು ಎತ್ತರ. ದೇವರು ಕೊಡದ ಎರಡಿಂಚನ್ನು ತರಬೇತುದಾರ ಕೊಡುತ್ತಾನೆ. ಇದು ಸುಳ್ಳಲ್ಲ, ಸಂಪ್ರದಾಯ. ಪಾದ್ರಿಗಳ ಮಕ್ಕಳಿಗೂ ಸೇರಿಸುತ್ತಾರೆ. ತಮಗೂ ಇದು ಗೊತ್ತು. ಆದ್ದರಿಂದ ಪಟ್ಟಿ ಕೈಗೆ ಬಂದೊಡನೆ ಎಲ್ಲರಿಂದಲೂ ಎರಡಿಂಚು ಕಳೆಯುವುದು ತಮ್ಮ ಸಂಪ್ರದಾಯ. ಅವರು ಕೂಡಿಸಿ, ತಾವು ಕಳೆದು, ಸತ್ಯ ಹೇಗೋ ಸಂಸಾರ ನಡೆಸುತ್ತಿತ್ತು. ಅದರ ಮನೆ ಮುರಿದವನು ನಾನು. ಹೋದ ವರ್ಷದ ಹಿಂದಿನ ವರ್ಷ ಆಗಸ್ಟಿನಲ್ಲಿ, ಅಕ್ಷರ ಗುಂಡಗಿದೆ ಎಂಬ ಕಾರಣಕ್ಕೆ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಸಂಪ್ರದಾಯ ನನಗೆ ಯಾರೂ ಹೇಳಿರಲಿಲ್ಲ. ಶಾಲೆಯ ನರ್ಸಿನ ಕೋಣೆಗೆ ಹುಡುಗರನ್ನು ಕರೆದೊಯ್ದು, ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಕಂಡದ್ದನ್ನು ಕಂಡ ಹಾಗೆ ಬರೆದೆ. ಕೋರ್ಡೆಲ್: ಆರಡಿ ನಾಲ್ಕೂವರೆ ಇಂಚು.

ಪಟ್ಟಿ ನೋಡಿದ ನಮ್ಮ ಮುಖ್ಯ ತರಬೇತುದಾರ ಹಾಲಿಸ್ ಗ್ರೂವರ್ ತಲೆ ಮೇಲೆ ಕೈ ಹೊತ್ತರು.

"ಇದೇನಯ್ಯಾ ಇದು?"

"ಎತ್ತರ."

"ಯಾರ್ದು?"

"ಹುಡುಗ್ರದ್ದೇ."

"ಲೋ ಪ್ರೂಯಿಟ್, ನಿಜವಾದ್ ಎತ್ತರ ಯಾರಿಗೋ ಬೇಕಿತ್ತು? ಅಚ್ಚಾಗಿ ಹೋಯ್ತಾ?"

ಅಚ್ಚಾಗಿ ಹೋಗಿತ್ತು. ಜನವರಿಯಲ್ಲಿ ತಮ್ಮ ತೀರ್ಪು ಬಂತು: ಆರಡಿ ಎರಡೂವರೆ ಇಂಚು, ಮುಂಸಾಲಿನ ಅಂಚಿನಲ್ಲಿ ನಿಲ್ಲಲು ಎತ್ತರ ಸಾಲದು, ಐದರಲ್ಲಿ ಎರಡು ನಕ್ಷತ್ರ. ಅಲ್ಲಿಯವರೆಗೆ ಹನ್ನೊಂದು ವಿಶ್ವವಿದ್ಯಾಲಯಗಳು, ನಮ್ಮ ತಂಡಕ್ಕೆ ಬಾ, ಓದಿನ ಖರ್ಚು ನಮ್ಮದು ಎಂದು ಅವನಿಗೆ ಕಾಗದ ಬರೆಯುತ್ತಿದ್ದವು. ತಮ್ಮ ಪುಟ ಹೊರಬಿದ್ದ ತಿಂಗಳೊಳಗೆ ಹತ್ತು ಮೂಕವಾದವು. ಅವರು ಹುಡುಗನನ್ನು ನೋಡುವುದಿಲ್ಲ, ತಮ್ಮ ಪುಟವನ್ನು ನೋಡುತ್ತಾರೆ. ಜಾತಕ ಬಂದ ಮೇಲೆ ವರನನ್ನು ಯಾರು ನೋಡುತ್ತಾರೆ?

ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿಕೊಂಡವನ ಧ್ವನಿ ಜೇನಿನಂತಿತ್ತು.

"ಸಾರ್, ಎಲ್ರೂ ಎರಡಿಂಚು ಸೇರಿಸ್ತಾರೆ, ನಾವು ಎರಡಿಂಚು ಕಳೀತೀವಿ. ಎಲ್ರಿಗೂ ಒಂದೇ ನ್ಯಾಯ."

"ನಾವು ಸೇರ್ಸಿಲ್ಲಪ್ಪಾ."

"ಎಲ್ರೂ ಹಾಗೇ ಅಂತಾರೆ ಸಾರ್."

"ಎಲ್ರೂ ಸುಳ್ಳು ಹೇಳ್ತಾರೆ, ನಾನು ನಿಜ ಹೇಳ್ತಿದೀನಿ."

"ಅದನ್ನೂ ಎಲ್ರೂ ಹೇಳ್ತಾರೆ ಸಾರ್."

ಮಾನ್ಯರೇ, ತಾವು ಸುಳ್ಳಿಗೆ ದಂಡ ಹಾಕಿದ್ದರೆ ನನ್ನ ತಕರಾರಿರಲಿಲ್ಲ. ತಾವು ಹಾಕಿದ್ದು ಸುಳ್ಳಿಗೆ ರಿಯಾಯಿತಿ, ನಿಜಕ್ಕೆ ದಂಡ. ಎರಡಿಂಚು ಸುಳ್ಳು ಹೇಳಿದವನು ತಮ್ಮ ಪುಟದಲ್ಲಿ ತನ್ನ ನಿಜವಾದ ಎತ್ತರದಲ್ಲಿ ನಿಂತಿದ್ದಾನೆ. ಪಕ್ಕದ ಕೌಂಟಿಯ ಒಬ್ಬ ಧೀರ ತರಬೇತುದಾರ ನಾಲ್ಕಿಂಚು ಸೇರಿಸಿದ್ದ. ಅವನ ಹುಡುಗ ತಾವು ಕಳೆದ ಮೇಲೂ ಎರಡಿಂಚು ಲಾಭದಲ್ಲಿದ್ದಾನೆ, ಜೊತೆಗೆ ಮೂರು ನಕ್ಷತ್ರ. ಇದಕ್ಕೆ ಮೌಲ್ಯಮಾಪನ ಎಂದು ಹೆಸರು. ಮಾಪನವೇನೋ ಆಗಿದೆ, ಮೌಲ್ಯ ಎಲ್ಲಿ ಬಿದ್ದುಹೋಯಿತೋ ತಮ್ಮ ಮೇಜಿನ ಕೆಳಗೆ ಒಮ್ಮೆ ಹುಡುಕಿಸಿ.

ನನ್ನ ಕಾಟ ತಾಳಲಾರದೆ ಏಪ್ರಿಲಿನಲ್ಲಿ ತಾವೊಬ್ಬ ಪರೀಕ್ಷಕರನ್ನು ಕಳಿಸಿದಿರಿ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಸೀಟಿ, ಪ್ಯಾಂಟಿಗೆ ಕಡಲೆಕಾಯಿ ಹೊಲದ ಕೆಂಧೂಳು. ಅವರು ಹುಡುಗನಿಗಿಂತ ಮುಂಚೆ ನೋಡಲು ಬಯಸಿದ್ದು ಅವನ ತಾಯಿಯನ್ನು. ಹುಡುಗ ಇನ್ನೂ ಬೆಳೆಯುತ್ತಾನೋ ಇಲ್ಲವೋ ಎಂಬುದನ್ನು ತಾಯಿಯ ಮೈಕಟ್ಟು ನೋಡಿ ಹೇಳುವುದು ತಮ್ಮವರ ವಿದ್ಯೆಯಂತೆ. ವೆರ್ನೀಟಾ ಪಿಟ್‌ಮನ್ ನಮ್ಮ ಶಾಲೆಯ ಊಟದ ಮನೆಯ ಮುಖ್ಯಸ್ಥೆ. ಪಾತ್ರೆಯಲ್ಲಿ ಸೌಟಾಡಿಸುತ್ತಿದ್ದವಳನ್ನು ಆ ಮಹಾಶಯರು ಎದುರಿನಿಂದ, ಪಕ್ಕದಿಂದ, ಆಮೇಲೆ ಹಿಂದಿನಿಂದ ನೋಡಿ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

"ಯಾಕಪ್ಪಾ ರಾಜಾ," ಎಂದಳು ವೆರ್ನೀಟಾ, ತಿರುಗದೆಯೇ, "ಹೇಸರಗತ್ತೆ ಕೊಳ್ಳೋಕ್ ಬಂದ್ಯಾ?"

"ಇಲ್ಲ ಮೇಡಂ, ತಮ್ಮ ಮಗನ್ನ..."

"ಮಗ ಮೈದಾನದಲ್ಲಿದಾನೆ. ಇಲ್ಲಿರೋದು ಬೀನ್ಸು. ಅದನ್ನಾದ್ರೂ ನೆಟ್ಟಗೆ ನೋಡು, ಎರಡು ಕಾಳು ಕಮ್ಮಿ ಬರ್ಕೊಂಡ್ ಹೋಗ್ಬೇಡ."

ಅವರು ಮೈದಾನಕ್ಕೆ ಬಂದರು, ಕೋರ್ಡೆಲ್‌ನ ಕಣಕಾಲು ಮೆಚ್ಚಿದರು, ಹಿಂಭಾಗವನ್ನು ಹೊಗಳಿದರು. "ಅಳೀರಿ ಸ್ವಾಮಿ" ಎಂದೆ. ಶಾಲೆಯ ಗೋಡೆಯ ಮೇಲಿನ ಅಳತೆ ಮಾನ್ಯವಲ್ಲವಂತೆ. ಅವರ ಜೇಬಿನಲ್ಲೇ ಟೇಪಿತ್ತು, ಅದೂ ಮಾನ್ಯವಲ್ಲವಂತೆ. ಜೂನಿನಲ್ಲಿ ಅಟ್ಲಾಂಟಾದ ಹತ್ತಿರ ತಮ್ಮ ಶಿಬಿರ ನಡೆಯುತ್ತದೆ, ಅಲ್ಲಿಯ ಅಳತೆಯೇ ಅಳತೆ ಎಂದು ಹೇಳಿ, ಒಂದು ತಟ್ಟೆ ಬೀನ್ಸು ತಿಂದು ಹೋದರು. ಎರಡನೆಯ ತಟ್ಟೆಯನ್ನೂ ಕೇಳಿದರು. ವೆರ್ನೀಟಾ ಕೊಟ್ಟಳು, ಅವಳು ಕಳೆಯುವವರ ಪೈಕಿ ಅಲ್ಲ.

ಇಲ್ಲಿಯವರೆಗೆ ಬರೆದದ್ದು ಸುಲಭ. ಇನ್ನು ಮುಂದಿನದನ್ನು ಮೊದಲ ಮೂರು ಪತ್ರಗಳಲ್ಲಿ ಬರೆದಿರಲಿಲ್ಲ.

ಶಿಬಿರಕ್ಕೆ ಕೋರ್ಡೆಲ್‌ನನ್ನು ನಾನೇ ನನ್ನ ಟ್ರಕ್ಕಿನಲ್ಲಿ ಕರೆದೊಯ್ದೆ, ನಾಲ್ಕು ಗಂಟೆಯ ದಾರಿ. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ನಮ್ಮಿಬ್ಬರ ನಡುವೆ ಇತ್ತು. ಅವನು ಮುಟ್ಟಲಿಲ್ಲ.

"ಕೋಚ್, ಅಲ್ಲೂ ಎರಡಿಂಚು ಕಳೀತಾರಾ?"

"ಕಳೀದೇ ಇರ್ತಾರೇನೋ? ಅದು ಅವರ ಕುಲಧರ್ಮ."

"ಮತ್ತೆ ನಾನೇನ್ ಮಾಡ್ಲಿ?"

"ಎರಡಿಂಚು ತುಂಬ್ಕೊಂಡು ಹೋಗು. ಅವರು ಕಳೀಲಿ, ನೀನು ಉಳಿ."

ನಾನು ನಕ್ಕೆ. ನನ್ನ ಮಾತಿಗೆ ನಾನೇ ನಗುವುದು ಹಳೆಯ ಚಾಳಿ. ಅವನು ನಗಲಿಲ್ಲ. ನಾಲ್ಕು ವರ್ಷ ನಾನು ಅವನಿಗೆ ಕಲಿಸಿದ್ದು ಒಂದೇ ಪಾಠ: ನಾನು ಹೇಳಿದ್ದನ್ನು ಯಾಕೆ ಎಂದು ಕೇಳದೆ, ಹೇಳಿದ ಕ್ಷಣದಲ್ಲಿ, ಹೇಳಿದ ಹಾಗೆ ಮಾಡು. ಸಾಲಿನಲ್ಲಿ ನಿಂತವನು ಯೋಚಿಸಿದರೆ ಹಿಂದಿನವನ ಮೂಳೆ ಮುರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಪಾಠವನ್ನು ಅವನಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ ಅವನು ತನ್ನ ಚೀಲ ಎತ್ತಿಕೊಂಡು ಶೌಚಾಲಯಕ್ಕೆ ಹೋದ. ಬರುವುದು ತಡವಾಯಿತು. ನಾನು ಕಡಲೆಕಾಯಿ ತಿನ್ನುತ್ತಿದ್ದೆ.

ತಮ್ಮ ಶಿಬಿರದಲ್ಲಿ ಬೂಟು ಕಳಚಿಸಿ, ಕಾಲುಚೀಲದಲ್ಲಿ ಅಳೆಯುತ್ತಾರೆ. ಕೋರ್ಡೆಲ್ ಹಲಗೆಗೆ ಬೆನ್ನು ಕೊಟ್ಟು ನಿಂತ. ಆರಡಿ ಆರು. ಅಳೆಯುವವನು ಕೆಳಗೆ ನೋಡಿದ.

"ಲೇ ದೊಡ್ಡೋನೇ, ಕಾಲುಚೀಲ ತೆಗಿ."

ತೆಗೆದ. ಆಟದಲ್ಲಿ ಮೊಣಕಾಲಿಗೆ ಕಟ್ಟುವ ಎರಡು ಮೆತ್ತೆಗಳು ಅವನ ಹಿಮ್ಮಡಿಯಡಿಯಿಂದ ಜಾರಿ ನೆಲಕ್ಕೆ ಬಿದ್ದವು. ಅರವತ್ತು ಹುಡುಗರು ನಕ್ಕರು. ಆಮೇಲೆ ಬರಿಗಾಲಲ್ಲಿ ಅಳೆದರು. ಆರಡಿ ನಾಲ್ಕೂವರೆ, ನಾನು ಬರೆದದ್ದೇ, ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲದೆ.

"ಯಾರೋ ಹೇಳ್ಕೊಟ್ಟಿದ್ದು?" ಎಂದು ಅಳೆಯುವವನು ಕೇಳಿದ.

"ಯಾರೂ ಇಲ್ಲ ಸಾರ್," ಎಂದ ಕೋರ್ಡೆಲ್. "ನಾನೇ."

ನಾನು ಹತ್ತು ಹೆಜ್ಜೆ ಆಚೆ ಕಟಕಟೆಗೆ ಒರಗಿ ನಿಂತಿದ್ದೆ. ಎಲ್ಲವೂ ಕೇಳಿಸಿತು. ವಂಚನೆ ಹೇಳಿಕೊಟ್ಟ ತರಬೇತುದಾರನ ಶಾಲೆಗೆ ಮೂರು ವರ್ಷ ಶಿಬಿರದ ಬಾಗಿಲು ಮುಚ್ಚುತ್ತದೆ, ಅವನ ಕೆಲಸ ಹೋಗುತ್ತದೆ ಎಂಬ ತಮ್ಮ ನಿಯಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಸಾಹಿತ್ಯ ಓದಿದವನಲ್ಲವೇ, ಬೇಗ ಓದಿಕೊಂಡೆ. ಬಾಯಿಬಿಡಲಿಲ್ಲ. ಹುಡುಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಡೆಯುವವನು ತನ್ನ ಹಿಂದಿರುವವನನ್ನು ತಿರುಗಿ ನೋಡಬಾರದೆಂದು ಹೇಳಿಕೊಟ್ಟವನು ನಾನೇ. ತೋಳಿನುದ್ದಕ್ಕೊಂದು ಕಲಂ, ಹಿಂಭಾಗಕ್ಕೊಂದು ಕಲಂ ಇಟ್ಟಿರುವ ಮಾನ್ಯರೇ, ಆ ದಿನ ಅವನು ಮಾಡಿದ್ದಕ್ಕೆ ತಮ್ಮಲ್ಲಿ ಯಾವ ಕಲಂ ಇದೆ? ನಾನು ಮಾಡಿದ್ದಕ್ಕೂ ಇಲ್ಲವೆಂಬುದು ಬೇರೆ ಮಾತು.

ಜುಲೈಯಲ್ಲಿ ತಮ್ಮ ಹೊಸ ಪುಟ ಬಂತು: "ಎತ್ತರ ಆರಡಿ ನಾಲ್ಕೂವರೆ. ನಂಬಿಕೆಗೆ ಅನರ್ಹ." ಮೊದಲು ನಂಬಿಕೆಯಿತ್ತು, ಎತ್ತರವಿರಲಿಲ್ಲ, ಈಗ ಎತ್ತರವಿದೆ. ಅಷ್ಟರವರೆಗೆ ಅವನ ಕೈಬಿಡದಿದ್ದ ಹನ್ನೊಂದನೆಯ ವಿಶ್ವವಿದ್ಯಾಲಯ ಮರುದಿನವೇ ಫೋನು ಮಾಡಿ ಶುಭ ಹಾರೈಸಿತು.

ಕಳೆದ ಸೋಮವಾರ ವೆರ್ನೀಟಾ ನನ್ನ ತಟ್ಟೆಗೆ ಜೋಳದ ರೊಟ್ಟಿ ಹಾಕುತ್ತಾ ಹೇಳಿದಳು: "ಥ್ಯಾಡ್, ನನ್ ಮಗ ಹುಟ್ಟಿದಾಗಿಂದ ಒಂದ್ ಸುಳ್ಳು ಹೇಳ್ದೋನಲ್ಲ. ಅದ್ಯಾವ ಪಾಪಿ ಅವ್ನಿಗೆ ಹೇಳ್ಕೊಟ್ನೋ, ಅವನ ಕೈ ಸೇದೋಗ. ನೀನ್ ತಿನ್ನು, ಬಡವಾಗಿದೀಯ." ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ. ಈ ಪತ್ರ ಅಚ್ಚಾದ ಪತ್ರಿಕೆ ಬರುವ ಗುರುವಾರ ಅವಳ ಮನೆ ಬಾಗಿಲಿಗೆ ಬೀಳುತ್ತದೆ.

ಹೆದ್ದಾರಿ ಪಕ್ಕದ ಕೋಳಿ ಕಾರ್ಖಾನೆಯವರು ಕೋರ್ಡೆಲ್‌ನನ್ನು ಕೆಲಸಕ್ಕೆ ಕರೆದಿದ್ದಾರೆ. ಶಾಲೆ ಮುಗಿದ ಮರುದಿನ ಸೇರಬೇಕು. ಸಾಲಿನಲ್ಲಿ ನಿಂತು, ತಲೆಕೆಳಗಾಗಿ ತೂಗುತ್ತಾ ಬರುವ ಕೋಳಿಗಳ ರೆಕ್ಕೆ ಕತ್ತರಿಸುವ ಕೆಲಸ. ಅಲ್ಲಿ ಪರೀಕ್ಷೆಯಿಲ್ಲ, ನಕ್ಷತ್ರವಿಲ್ಲ, ಎರಡು ಕೈ ಇದ್ದರೆ ಸಾಕು. ಒಪ್ಪಿಗೆಯ ಕಾಗದ ಅವನ ಮೇಜಿನ ಮೇಲಿದೆ, ಇನ್ನೂ ರುಜು ಹಾಕಿಲ್ಲ. ಫೆಬ್ರವರಿಯ ಮೊದಲ ಬುಧವಾರ ವಿಶ್ವವಿದ್ಯಾಲಯಗಳು ಹುಡುಗರ ರುಜು ಪಡೆಯುವ ದಿನ. ಅಲ್ಲಿಯವರೆಗೆ ಕಾಯುತ್ತೇನೆ ಎಂದು ಕಾರ್ಖಾನೆಯವರಿಗೆ ಹೇಳಿದ್ದಾನಂತೆ. ಅದಕ್ಕೆ ಇನ್ನು ಹತ್ತೊಂಬತ್ತು ದಿನ ಉಳಿದಿದೆ.

ಇಂಚು ವಾಪಸು ಬಂದಿದೆ. ಇನ್ನುಳಿದ ಬೇಡಿಕೆ ಒಂದೇ. ಆ ಬುಧವಾರಕ್ಕೆ ಮುಂಚೆ ತಮ್ಮ ಪುಟದಲ್ಲಿ ಕೋರ್ಡೆಲ್‌ನ ಹೆಸರಿನ ಮುಂದಿರುವ ಆ ಎರಡು ಪದಗಳನ್ನು ಹೊಡೆದುಹಾಕಿ. ಪದ ವ್ಯರ್ಥವಾಗುತ್ತದೆಂಬ ಚಿಂತೆ ಬೇಡ; ಅವನ್ನು ಎಲ್ಲಿ ಬರೆದುಕೊಳ್ಳಬೇಕೆಂದು ಕೆಳಗೆ ತೋರಿಸಿದ್ದೇನೆ. ನನ್ನ ರಾಜೀನಾಮೆ ಪ್ರಾಂಶುಪಾಲರ ಮೇಜು ಸೇರಿದೆ. ನಮ್ಮ ಶಾಲೆಗೆ ಶಿಬಿರದ ಬಾಗಿಲು ಮುಚ್ಚುವ ಮೊದಲು, ಅಪರಾಧಿ ಆಗಲೇ ಹೊರಬಿದ್ದಿದ್ದಾನೆ ಎಂಬುದನ್ನು ದಯವಿಟ್ಟು ಗಮನಿಸಿ.

ಇಂತಿ ತಮ್ಮ,
ನಂಬಿಕೆಗೆ ಅನರ್ಹ,
ಥ್ಯಾಡಿಯಸ್ ಪ್ರೂಯಿಟ್
(ಎತ್ತರ ಐದಡಿ ಏಳು. ಕಳೆಯುವುದಿದ್ದರೆ ಇಲ್ಲಿ ಕಳೆಯಿರಿ.)