ಹಳಿ ದಾಟಿದ ಚಟ್ಟ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ಆಷಾಢದಲ್ಲಿ ನನ್ನ ತಾಯಿ ದ್ಯಾವಮ್ಮನ ಶವಕ್ಕೆ ಹೆಗಲು ಕೊಟ್ಟ ನಾಲ್ವರ ಮೇಲೆ, ಅರಸೀಕೆರೆಯ ಬಳಿ ಹಳಿ ದಾಟಿದರೆಂದು ರೈಲ್ವೆಯವರು ಮೊಕದ್ದಮೆ ಹೂಡಿದ್ದಾರೆ. ಅವರಲ್ಲಿ ನಾನೂ ಒಬ್ಬ.

ನಮ್ಮೂರ ಸ್ಮಶಾನ ಹಳಿಯಾಚೆ ಇದೆ. ಗೇಟಿದ್ದ ಕಾಲದಲ್ಲಿ ಗೇಟ್‌ಮನ್ ಸಣ್ಣಯ್ಯ ಹೆಣ ಬಂದರೆ ಟೋಪಿ ತೆಗೆದು ದಾರಿ ಬಿಡುತ್ತಿದ್ದ. ಆಮೇಲೆ ಗೇಟು ಮುಚ್ಚಿ ಕೆಳಸೇತುವೆ ಮಾಡಿದರು. ಅಮ್ಮನನ್ನು ಒಯ್ದ ದಿನ ಅದರಲ್ಲಿ ಎದೆಮಟ್ಟ ಮಳೆನೀರಿತ್ತು. ಎತ್ತಿದ ಚಟ್ಟವನ್ನು ಮನೆಗೆ ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಹಳಿ ದಾಟಿದೆವು.

ಸಂವಿಧಾನ ಓದಿದ್ದೇನೆ. ರೈಲು ಕೇಂದ್ರದ ಪಟ್ಟಿಯಲ್ಲಿದೆ, ಊರ ರಸ್ತೆಯೂ ಸ್ಮಶಾನವೂ ರಾಜ್ಯದ ಪಟ್ಟಿಯಲ್ಲಿವೆ. ಸೇತುವೆಯ ನೀರು ತೆಗೆಸಿ ಎಂದರೆ ರೈಲ್ವೆಯವರು ಪಂಚಾಯಿತಿಯತ್ತ, ಪಂಚಾಯಿತಿಯವರು ರೈಲ್ವೆಯತ್ತ ಕೈ ತೋರಿಸುತ್ತಾರೆ. ಮೊಕದ್ದಮೆ ಹಾಕುವಾಗ ಮಾತ್ರ ಅಧಿಕಾರ ಯಾರದೆಂಬ ಅನುಮಾನ ಯಾರಿಗೂ ಬರಲಿಲ್ಲ.

ಈಗ ಹಾಸಿಗೆ ಹಿಡಿದಿರುವ ನನ್ನ ತಂದೆ ಲಕ್ಕಪ್ಪ, "ಏನ್ಲಾ, ನಾನು ಬ್ಯಾಸ್ಗೇಲೇ ಸಾಯ್ಬೇಕಾ?" ಎಂದು ಕೇಳಿ ನಗುತ್ತಾರೆ. ಮಳೆಗಾಲ ಹತ್ತಿರ ಬಂತು.

ಎರಡೂ ಕಡೆಯವರನ್ನು ನಮ್ಮ ಗ್ರಾಮಸಭೆಗೆ ಒಟ್ಟಿಗೆ ಕರೆಸಿ. ಅಪ್ಪನನ್ನು ಯಾವ ದಾರಿಯಲ್ಲಿ ಒಯ್ಯಬೇಕೆಂದು, ಅವರು ಬದುಕಿರುವಾಗಲೇ, ಊರೆದುರು ಹೇಳಲಿ.

ಇಂತಿ,
ದೇವರಾಜ್