ಶರಾವತಿ ಒಬ್ಬಳೇ ಹೋಗಿ ಕೇಳಿದ್ದು

ಹೊಸನಗರ
12-6-1984

ಪ್ರೀತಿಯ ತುಂಗಕ್ಕನಿಗೆ ಜಲಜಳ ನಮಸ್ಕಾರ.

ಶರಾವತಿ ಎಸ್ಸೆಸ್ಸೆಲ್ಸಿ ಪಾಸಾದಳು. ಗಣಿತದಲ್ಲಿ ಅಂತೂ ಇಂತೂ ದಾಟಿದಳು, ಕನ್ನಡದಲ್ಲಿ ಒಳ್ಳೆಯ ನಂಬರು. ಸುದ್ದಿ ನಿನಗೆ ಆಗಲೇ ಮುಟ್ಟಿದೆ ಅಂತ ನನ್ನ ಅನುಮಾನ. ನಮ್ಮ ಮನೆಯ ವಿಷಯ ನನಗಿಂತ ಮೊದಲು ತೀರ್ಥಹಳ್ಳಿಗೆ ಗೊತ್ತಾಗುತ್ತೆ. ಆದರೂ ನಡೆದದ್ದನ್ನು ಬರೆಯುತ್ತೇನೆ. ಕೊನೆಗೆ ಒಂದು ಮಾತು ಕೇಳುತ್ತೇನೆ, ನಿಜ ಹೇಳು.

ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವಳ ಬಲಗೈ ನಡುಗುವುದನ್ನು ನೀನು ಕಂಡಿದ್ದೀಯ. ಓದಿದ್ದೆಲ್ಲ ಬಾಯಲ್ಲಿ ಹೇಳುತ್ತಾಳೆ. ಬರೆಯಲು ಕೂತರೆ ಬೇರೆಯವರದು ಎರಡು ಪುಟ ಆಗುವಷ್ಟರಲ್ಲಿ ಇವಳದು ಒಂದು. ಡಾಕ್ಟರ ಸರ್ಟಿಫಿಕೇಟು ಇದ್ದರೆ, ಅವಳು ಹೇಳಿದ್ದನ್ನು ಕೆಳಗಿನ ಕ್ಲಾಸಿನ ಹುಡುಗಿ ಬರೆಯಬಹುದು ಅಂತ ಹೆಡ್‌ಮಾಸ್ಟರು ಉಮಾಪತಿಯವರೇ ದಾರಿ ತೋರಿಸಿದರು. ಶಿವಮೊಗ್ಗಕ್ಕೆ ಹೋಗಿ ಸರ್ಟಿಫಿಕೇಟು ತಂದೆ. ಪಕ್ಕದ ಮನೆ ಮೀನಾಕ್ಷಮ್ಮನ ಮಗಳು, ಒಂಬತ್ತನೇ ಕ್ಲಾಸಿನ ಸತ್ಯಭಾಮೆಯನ್ನು ಬರೆಯಲು ಒಪ್ಪಿಸಿದೆ.

ಆಮೇಲೆ ಮೇಷ್ಟ್ರು ಮುಖ ತಪ್ಪಿಸತೊಡಗಿದರು. ಕೇಳಿದಾಗಲೆಲ್ಲ ನೋಡೋಣ ಎನ್ನುತ್ತಿದ್ದರು. ಮೀನಾಕ್ಷಮ್ಮ ಏನೋ ಚಾಡಿ ಹೇಳಿರಬೇಕು ಅಂದುಕೊಂಡು ಅವಳ ಮನೆಗೆ ಹೋಗುವುದನ್ನೇ ಬಿಟ್ಟೆ. ಶರಾವತಿಯೂ ಶಾಲೆಯಿಂದ ತಡವಾಗಿ ಬರುತ್ತಿದ್ದಳು. ಕೇಳಿದರೆ ಓದ್ಕೊಳ್ತಿದ್ದೆ ಅನ್ನುವಳು. ಅವಳ ಚೀಲವನ್ನೂ ತಡಕಿದೆ, ಏನೂ ಸಿಗಲಿಲ್ಲ.

ತಡೆಯಲಾರದೆ ಶಾಲೆಗೇ ಹೋಗಿ, ನನ್ನ ಮಗಳಿಗೆ ಅಡ್ಡಗಾಲು ಹಾಕಿದವರು ಯಾರು ಅಂತ ಕೇಳಿದೆ.

"ನಿಮ್ಮ ಮಗಳೇ ಬೇಡ ಅಂದ್ಲು," ಅಂದರು ಮೇಷ್ಟ್ರು. "ಬರೆಯೋಕೆ ಯಾರೂ ಬೇಡ, ಟೈಮ್ ಜಾಸ್ತಿ ಕೊಡ್ಸಿ ಅಂದ್ಲು. ಅಮ್ಮಂಗೆ ನಾನೇ ಹೇಳ್ತೀನಿ ಅಂದಿದ್ಲು. ಬೋರ್ಡಿಗೆ ಹಾಗೇ ಬರ್ದು ಕಳ್ಸಿದೀನಿ."

ನಾನು ನಂಬಲಿಲ್ಲ. ಮನೆಗೆ ಬಂದು ಅವಳನ್ನು ಕೂರಿಸಿಕೊಂಡು ಕೇಳಿದೆ. ಶಾಲೆ ಬಿಟ್ಟ ಮೇಲೆ ಸತ್ಯಭಾಮೆಯ ಜೊತೆ ಅಭ್ಯಾಸ ಮಾಡಿ ನೋಡಿದ್ದಳಂತೆ. ಆ ಹುಡುಗಿ ಇವಳು ಹೇಳಿದ್ದನ್ನು ಬಿಟ್ಟು ತನಗೆ ಸರಿ ಕಂಡದ್ದನ್ನು ಬರೆಯುತ್ತಿದ್ದಳಂತೆ. ಅದಕ್ಕೇ ಸಂಕ್ರಾಂತಿ ಹೊತ್ತಿಗೆ ಒಬ್ಬಳೇ ಮೇಷ್ಟ್ರ ಮನೆಗೆ ಹೋಗಿ ಬೇಡ ಅಂದಳಂತೆ.

"ಪಾಸಾದ್ರೆ ಅವಳೇ ಪಾಸು ಮಾಡ್ಸಿದ್ಲು ಅಂತಾರೆ ಅಮ್ಮ. ಫೇಲಾದ್ರೂ ನಂದೇ ಆಗ್ಲಿ," ಅಂದಳು.

ಅವತ್ತು ಊಟ ಬಡಿಸಿ, ಅವಳ ಪಾಡಿಗೆ ಓದಲು ಬಿಟ್ಟೆ.

ಒಂದು ಗಂಟೆ ಹೆಚ್ಚಿಗೆ ಕೊಡಬೇಕೆಂಬ ಆರ್ಡರು ಪರೀಕ್ಷೆಯ ಹಿಂದಿನ ದಿನ ಬಂತು. ಮೊದಲ ಪೇಪರಿನ ದಿನ ಮುಗಿಯುವ ಬೆಲ್ಲು ಹೊಡೆದ ಕೂಡಲೇ ಪರವೂರಿನ ಮೇಷ್ಟ್ರೊಬ್ಬರು ಇವಳ ಪೇಪರಿಗೂ ಕೈ ಹಾಕಿದರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನನಗೆ ಅವಳ ದನಿ ಕೇಳಿತು. "ಸಾರ್, ನಂಗಿನ್ನೂ ಒಂದು ಗಂಟೆ ಇದೆ." ಒಳಗೆ ನುಗ್ಗಲು ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ಅವರು ಆರ್ಡರು ತರಿಸಿ ನೋಡಿ, ಪೇಪರು ವಾಪಸು ಕೊಟ್ಟರು. ಆ ಗಲಾಟೆಯಲ್ಲಿ ಹೋದ ಹೊತ್ತನ್ನೂ ಅವಳು ಕೇಳಿ ಪಡೆದಳಂತೆ.

ಉಮಾಪತಿ ಮೇಷ್ಟ್ರೇ ಬರೆದುಕೊಟ್ಟರು ಅನ್ನುವವರು ಊರಲ್ಲಿ ಇದ್ದಾರೆ. ಅನ್ನಲಿ. ಈಗ ಇವಳಿಗೆ ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಬೇಕಂತೆ. ಒಬ್ಬಳೇ ಮೇಷ್ಟ್ರ ಹತ್ತಿರ ಹೋಗಿ ಕೇಳುವ ಧೈರ್ಯ ಇದ್ದವಳು ಅಲ್ಲೂ ಬದುಕಿಕೊಳ್ಳುತ್ತಾಳೆ ಅಂತ ಒಪ್ಪಿದ್ದೇನೆ. ಆದರೆ ಅಕ್ಕ, ಸಂಕ್ರಾಂತಿಗೆ ನೀನು ಬಂದಿದ್ದಾಗ ಇಬ್ಬರೂ ಪೇಟೆಗೆ ಅಂತ ಹೋದವರು ಬರಿಗೈಯಲ್ಲಿ ಬಂದಿರಿ. ಅವತ್ತು ಅವಳನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದವಳು ನೀನೇನಾ? ಹಾಗಿದ್ದರೆ ಕಳಿಸುವ ವಿಷಯ ಇನ್ನೊಮ್ಮೆ ಯೋಚಿಸಬೇಕು. ಉತ್ತರ ಬೇಗ ಬರೆ.

ನಿನ್ನ ತಂಗಿ
ಜಲಜ

ವಿ.ಸೂ.: ದೊಡ್ಡಮ್ಮ, ನಾನು ಶರಾವತಿ. ಅಂಟಿಸಿ ಡಬ್ಬಿಗೆ ಹಾಕು ಅಂತ ಅಮ್ಮ ಇದನ್ನ ನನ್ನ ಕೈಗೆ ಕೊಟ್ಟಿದ್ದಾಳೆ. ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದೆ. ಅವತ್ತು ಮಾತಾಡಿದ್ದು ನಾನೇ. ಆದರೆ ನೀವು ಜೊತೆಗೆ ಬರದಿದ್ದರೆ ಮೇಷ್ಟ್ರ ಮನೆ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ಅದನ್ನ ಅಮ್ಮನಿಗೆ ಈಗಲೇ ಬರೀಬೇಡಿ. ಸಾಗರಕ್ಕೆ ಹೋಗಿ ಸೇರಿದ ಮೇಲೆ ನಾನೇ ಬರೀತೀನಿ.