ಒಂದೇ ಬೆಂಚು, ಐದು ಪಟ್ಟು ಶುಲ್ಕ

ಮೈಸೂರು
೨೩೦೬ನೆಯ ಇಸವಿ, ಹದಿಮೂರನೆಯ ತಿಂಗಳ ಎರಡನೆಯ ದಿನ

ದಾಖಲಾತಿ ವಿಭಾಗದ ಗುಮಾಸ್ತೆ ಶ್ರೀಮತಿ ರಾಜಮಣಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಹಿಂದಿನ ಕಾಲಕ್ಕೂ ಕಾಗದ ಮುಟ್ಟಿಸುವ ಅಂಚೆ ನಮ್ಮಲ್ಲಿದೆ. ನಿಮ್ಮ ಹನ್ನೆರಡು ತಿಂಗಳು ಸಾಲದೆ ನಾವು ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕಡತಗಳನ್ನು ಓದಿಯೇ ಕಲಿತದ್ದು, ಸ್ವಲ್ಪ ಕಚೇರಿಯ ವಾಸನೆ ಇದ್ದರೂ ಇರಬಹುದು. ನಿಮ್ಮ ಕಾಲೇಜಿನ ಜಾಗದಲ್ಲೇ ಈಗಿರುವ ಕಲಿಮನೆಯಲ್ಲಿ ನಾನು ನಿಮ್ಮದೇ ಕೆಲಸ ಮಾಡುವವಳು.

ನಿಮ್ಮ ೨೦೨೬ರ ಕಡತವೊಂದು ಸಿಕ್ಕಿತು. ಮಲಾವಿ ದೇಶದ ತೊಕೊಜಾನಿ ಎಂಬ ಹುಡುಗಿ ಶುಲ್ಕ ಕಡಿಮೆ ಮಾಡಿ ಎಂದು ಕನ್ನಡದಲ್ಲೇ ಅರ್ಜಿ ಬರೆದಿದ್ದಾಳೆ. ಇಲ್ಲಿಯವರು ಕಟ್ಟುವುದರ ಐದು ಪಟ್ಟು ಅವಳು ಕಟ್ಟಬೇಕಂತೆ. ಏಕಿರಬಹುದೆಂದು ತಲೆ ಕೆಡಿಸಿಕೊಂಡೆ. ನಿಮ್ಮ ಕಾಲದ ಬೆಂಚೊಂದು ನಮ್ಮ ಉಗ್ರಾಣದಲ್ಲಿದೆ. ಟೇಪು ಹಿಡಿದು ಅಳೆದೆ. ವಿದೇಶದವರಿಗೆಂದು ಎಲ್ಲೂ ಅಗಲ ಹೆಚ್ಚಿಲ್ಲ. ಮೇಷ್ಟರು ಅವಳಿಗೆ ಪಾಠವನ್ನು ಐದು ಸಲ ಹೇಳುತ್ತಿದ್ದರೇ? ಹಾಸ್ಟೆಲಿನಲ್ಲಿ ನಾಲ್ಕು ಇಡ್ಲಿ ಹೆಚ್ಚಿಗೆ ಬಡಿಸುತ್ತಿದ್ದರೇ? ವೇಳಾಪಟ್ಟಿ, ಅಡುಗೆಮನೆಯ ಪುಸ್ತಕ ಎರಡನ್ನೂ ಜಾಲಾಡಿದೆ. ಅಂಥದ್ದೇನೂ ಇಲ್ಲ. ಆಮೇಲೆ ನಿಮ್ಮವರ ಬುದ್ಧಿ ಕಂಡು ನಕ್ಕುಬಿಟ್ಟೆ.

ನಮ್ಮಲ್ಲಿ ದೂರದವರಿಂದ ಹಣ ಪಡೆಯುವುದಿಲ್ಲ. ಅವರು ‘ಊರುಪಾಠ’ ಕೊಡಬೇಕು. ಅಂದರೆ ಒಂದು ದಿನ ತರಗತಿಯ ಮುಂದೆ ನಿಂತು ತಮ್ಮ ಊರಿನದೇನನ್ನಾದರೂ ಕಲಿಸಬೇಕು. ಕಳೆದ ವರ್ಷ ಒಬ್ಬ ಮಂಜುಗಡ್ಡೆಯ ಮೇಲೆ ನಡೆಯುವುದನ್ನು ಕಲಿಸಿದ. ಅಂಗಳಕ್ಕೆ ಸೋಪಿನ ನೀರು ಸುರಿದುಕೊಂಡು ಎಲ್ಲರೂ ಬಿದ್ದೆದ್ದೆವು. ಎಂಥ ಚೆಂದದ ಪದ್ಧತಿ ಎಂದು ಬೀಗುತ್ತಿದ್ದೆ, ಇರಾವಿ ಎಂಬ ಹುಡುಗಿ ಪ್ರವೇಶ ಕೇಳಿಕೊಂಡು ಬರುವವರೆಗೆ. ಅವಳ ದ್ವೀಪ ಅವಳು ಹುಟ್ಟುವ ಮೊದಲೇ ಮುಳುಗಿತ್ತು. ಬೆಳೆದದ್ದು ಮಂಗಳೂರಿಗೆ ಬಂದು ಹೋಗುವ ಹಡಗುಗಳಲ್ಲಿ. “ನಂಗೆ ಊರೇ ಇಲ್ವಲ್ಲಕ್ಕಾ, ಏನಂತ ಪಾಠ ಮಾಡ್ಲಿ?” ಎಂದಳು. ಊರುಪಾಠ ಕೊಡದವರಿಗೆ ಪ್ರವೇಶವಿಲ್ಲ ಎನ್ನುತ್ತದೆ ನಮ್ಮ ನಿಯಮ. ನಿಮ್ಮನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ನಿಮ್ಮ ಕಡತವನ್ನು ಮತ್ತೆ ಬಿಡಿಸಿದೆ. ತೊಕೊಜಾನಿಯ ಅರ್ಜಿಯ ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಬರೆದಿದ್ದೀರಿ: “ಸಾರ್, ಫೀಸ್ ಕಟ್ಟೋಕಾಗ್ದೆ ಈ ಹುಡುಗಿ ವಾಪಸ್ ಹೋಗ್ಬಿಡ್ತಾಳೆ. ಒಂದ್ಸಲ ನೋಡಿ ಸಾರ್.” ಅದರ ಕೆಳಗೆ ‘ಆದೇಶ’ ಎಂಬ ಚೌಕ ಖಾಲಿಯಿದೆ. ಫೀಸಿನ ಮಾತೊಂದನ್ನು ಬಿಟ್ಟು ಇರಾವಿಯ ಅರ್ಜಿಯ ಮೇಲೆ ನಾನೂ ಅದನ್ನೇ ಬರೆದೆ. ಅದನ್ನು ತೀರ್ಮಾನಿಸಲು ನಾಳೆ ಹತ್ತು ಗಂಟೆಗೆ ಸಭೆ. ಹಿಂದೆ ಯಾರಿಗಾದರೂ ನಿಯಮ ಸಡಿಲಿಸಿದ್ದುಂಟೇ ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ತೋರಿಸಲು ನನ್ನ ಬಳಿ ಏನೂ ಇಲ್ಲ.

ರಾಜಮಣಿಯವರೇ, ಈ ಕಾಗದ ತಲುಪುವ ದಿನ ಆ ಕಡತ ಇನ್ನೂ ನಿಮ್ಮ ಮೇಜಿನ ಮೇಲೇ ಇರುತ್ತದೆ. ದಯವಿಟ್ಟು ಇನ್ನೊಮ್ಮೆ ಸಾಹೇಬರ ಕೋಣೆಗೆ ಹೋಗಿ. ಅವರು ಅಲ್ಲಿ ಬರೆದದ್ದು ನಮ್ಮ ಈ ಹಳೆಯ ಹಾಳೆಯಲ್ಲೂ ಇರುತ್ತದೆ. ನಾಳೆ ಸಭೆಗೆ ಹೊರಡುವ ಮುನ್ನ ಕಡತ ತೆರೆದು ಆ ಚೌಕವನ್ನು ನೋಡುತ್ತೇನೆ.

ನಿಮ್ಮ ಕುರ್ಚಿಯಲ್ಲಿ ಈಗ ಕೂತಿರುವ,
ನೇಸರಿ